ಲಿವರ್‌ಪೂಲಿನಲ್ಲಿ ‘ದಿ ಸನ್’ ಪೇಪರ್ ಯಾಕೆ ಯಾರೂ ಮನೆಗೆ ತರುವುದಿಲ್ಲ? ಓದಿದವರು ಹೇಳಿ

ಮರ್ಸಿ_ದಂಡೆ

ಎಲ್ಲರಿಗೂ ನಮಸ್ಕಾರ. ನಾನು ಹಾಸನದ ಕಡೆಯವಳು. ಲಿವರ್‌ಪೂಲಿಗೆ ಬಂದು ಎಂಟು ತಿಂಗಳಾಯಿತು. ಯಜಮಾನರಿಗೆ ಇಲ್ಲಿ ಆಸ್ಪತ್ರೆಯಲ್ಲಿ ಕೆಲಸ. ನಾನು ಇನ್ನೂ ಹುಡುಕುತ್ತಿದ್ದೇನೆ. ಪುಸ್ತಕದ ಇಂಗ್ಲಿಷ್ ನನಗೆ ಬರುತ್ತದೆ. ಇಲ್ಲಿನ ಜನ ಅಂಗಡಿಯಲ್ಲಿ, ಬಸ್ಸಿನಲ್ಲಿ ಆಡುವ ಇಂಗ್ಲಿಷ್ ಬೇರೆಯೇ. ದಿನಾ ಒಂದು ಪೇಪರ್ ಓದಿದರೆ ರೂಢಿಯಾಗುತ್ತದೆ ಅಂತ ಅಂದುಕೊಂಡಿದ್ದೆ.

ಹೋದ ವಾರ ಲಂಡನ್ನಿಗೆ ಹೋಗಿದ್ದೆ. ವಾಪಸ್ ಬರುವಾಗ ಯೂಸ್ಟನ್ ಸ್ಟೇಷನ್ನಿನಲ್ಲಿ ‘ದಿ ಸನ್’ ಕೊಂಡೆ. ಚಿಕ್ಕ ಅಳತೆ, ಮಡಿಲಲ್ಲಿ ಹಿಡಿದು ಓದಬಹುದು. ಎರಡು ಗಂಟೆಯ ದಾರಿಯಲ್ಲಿ ಮೊದಲಿಂದ ಕೊನೆಯವರೆಗೂ ಓದಿದೆ. ಒಂದು ಸಲವೂ ಡಿಕ್ಷನರಿ ತೆಗೆಯಲಿಲ್ಲ. ನಿಜವಾಗಿ ಖುಷಿಯಾಯಿತು.

ಮನೆ ಹತ್ತಿರ ಬಂದಾಗ ಪಕ್ಕದ ಮನೆಯ ತಾತ ಗೇಟಿನ ಬಳಿ ನಿಂತಿದ್ದರು. ದಿನಾ ನಗುತ್ತಾ ಮಾತಾಡಿಸುವವರು. ನನ್ನ ಕಂಕುಳಲ್ಲಿದ್ದ ಪೇಪರ್ ನೋಡಿದ್ದೇ ಮುಖ ಸಪ್ಪಗಾಯಿತು. ‘ಈ ಬೀದಿಯಲ್ಲಿ ಅದನ್ನು ಯಾರೂ ಮನೆಯೊಳಗೆ ತರುವುದಿಲ್ಲಮ್ಮ’ ಅನ್ನುವ ಹಾಗೆ ಏನೋ ಹೇಳಿದರು. ಬೈಯಲಿಲ್ಲ. ಅಷ್ಟು ಹೇಳಿ ಒಳಗೆ ಹೋದರು. ನನಗೆ ರಾತ್ರಿಯೆಲ್ಲ ಅದೇ ಯೋಚನೆ.

ಆಮೇಲೆ ಗಮನಿಸಿದೆ. ನಮ್ಮ ಮೂಲೆ ಅಂಗಡಿಯಲ್ಲಿ ಎಲ್ಲ ಪೇಪರ್ ಇದೆ, ಅದೊಂದಿಲ್ಲ. ಒಂದು ಕಿಟಕಿಯಲ್ಲಿ ಅದರ ಹೆಸರಿನ ನಡುವಿನ ಅಕ್ಷರಕ್ಕೆ ಚುಕ್ಕಿ ಹಾಕಿ ಬರೆದ ಚೀಟಿ ಇತ್ತು. ಕೆಟ್ಟ ಮಾತನ್ನು ಪೂರ್ತಿ ಬರೆಯದೆ ಬಿಡುತ್ತಾರಲ್ಲ, ಹಾಗೆ.

ಗೊತ್ತಿದ್ದವರು ಹೇಳಿ. ಏನಾಗಿತ್ತು? ಮೊನ್ನೆ ಮೊನ್ನೆ ಬಂದ ನನ್ನಂಥವಳೂ ಅದನ್ನು ಬಿಡಬೇಕಾ?

ಕೆಂಪು_ಜರ್ಸಿ

ಅಕ್ಕ, ನಾನು ಬೆಂಗಳೂರಿನಲ್ಲಿ ಕೂತು ಹದಿನೈದು ವರ್ಷದಿಂದ ಲಿವರ್‌ಪೂಲ್ ಮ್ಯಾಚ್ ನೋಡುವವನು. ಆ ತಾತನ ಮುಖ ಯಾಕೆ ಸಪ್ಪಗಾಯಿತು ಅಂತ ನನಗೆ ಗೊತ್ತು. ಸ್ವಲ್ಪ ಉದ್ದವಾಗುತ್ತದೆ, ಓದಿ.

1989ರ ಏಪ್ರಿಲ್ 15, ಶನಿವಾರ. ಶೆಫೀಲ್ಡಿನ ಹಿಲ್ಸ್‌ಬರೋ ಮೈದಾನ. ಎಫ್‌ಎ ಕಪ್ ಫುಟ್‌ಬಾಲ್ ಸೆಮಿಫೈನಲ್, ಲಿವರ್‌ಪೂಲಿಗೂ ನಾಟಿಂಗ್‌ಹ್ಯಾಮ್ ಫಾರೆಸ್ಟಿಗೂ. ಲಿವರ್‌ಪೂಲಿನವರಿಗೆ ಲೆಪ್ಪಿಂಗ್ಸ್ ಲೇನ್ ಅನ್ನುವ ಕಡೆಯ ನಿಲ್ಲುವ ಜಾಗ ಕೊಟ್ಟಿದ್ದರು. ಆಗ ಮೈದಾನದ ಸುತ್ತ ಕಬ್ಬಿಣದ ಬೇಲಿ. ನಿಲ್ಲುವ ಜಾಗವನ್ನೂ ಬೇಲಿ ಹಾಕಿ ದೊಡ್ಡಿಗಳ ಹಾಗೆ ಭಾಗ ಮಾಡಿದ್ದರು. ಹೊರಗೆ ಜನ ಜಾಸ್ತಿಯಾಗಿ ನೂಕುನುಗ್ಗಲು ಶುರುವಾಯಿತು. ಪೊಲೀಸ್ ಅಧಿಕಾರಿ ಹೊರಹೋಗುವ ಒಂದು ದೊಡ್ಡ ಗೇಟು ತೆಗೆಸಿದರು. ಒಳಗೆ ಬಂದವರಿಗೆ ಎದುರಿಗೆ ಕಾಣಿಸಿದ್ದು ನಡುವಿನ ಸುರಂಗ. ಅದು ಹೋಗಿ ಸೇರುತ್ತಿದ್ದದ್ದು ಆಗಲೇ ತುಂಬಿದ್ದ ಎರಡು ದೊಡ್ಡಿಗಳಿಗೆ. ಆ ಸುರಂಗದ ಬಾಯಿಯನ್ನು ಮುಚ್ಚಿಸಿ ಜನರನ್ನು ಪಕ್ಕಕ್ಕೆ ಕಳಿಸುವವರು ಯಾರೂ ಇರಲಿಲ್ಲ.

ಮುಂದಿದ್ದವರು ಬೇಲಿಗೆ ಒತ್ತಿ ನಿಂತಲ್ಲೇ ಉಸಿರು ಕಟ್ಟಿ ಸತ್ತರು. 3 ಗಂಟೆ 6 ನಿಮಿಷಕ್ಕೆ ಆಟ ನಿಲ್ಲಿಸಿದರು. ಸತ್ತವರಲ್ಲಿ ಮಕ್ಕಳೂ ಇದ್ದರು. ಆಮೇಲಿನ ವರ್ಷಗಳಲ್ಲಿ ತೀರಿಕೊಂಡವರೂ ಸೇರಿ ಈಗ ಲೆಕ್ಕ 97. ಆ 97ನೆಯವರು ಅವತ್ತಿನ ಗಂಭೀರ ಗಾಯಗಳೊಂದಿಗೇ ಮೂವತ್ತೆರಡು ವರ್ಷ ಬದುಕಿ 2021ರಲ್ಲಿ ಹೋದರು.

ನಾಲ್ಕೇ ದಿನ. 19ರ ಬುಧವಾರ ‘ದಿ ಸನ್’ ಮುಖಪುಟದಲ್ಲಿ ಕೈಯಗಲದ ಅಕ್ಷರದಲ್ಲಿ ‘ದಿ ಟ್ರೂತ್’ ಅಂತ ಹಾಕಿತು. ಸತ್ಯ ಅಂತ! ಕೆಳಗೆ ಮೂರು ಸಾಲು. ಕೆಲವು ಅಭಿಮಾನಿಗಳು ಬಿದ್ದವರ ಜೇಬು ಕತ್ತರಿಸಿದರು, ಪೊಲೀಸರ ಮೇಲೆ ಉಚ್ಚೆ ಹೊಯ್ದರು, ಉಸಿರು ಕೊಡುತ್ತಿದ್ದ ಪೊಲೀಸನನ್ನು ಹೊಡೆದರು. ಮೂರೂ ಸುಳ್ಳು. ಮಕ್ಕಳ ಹೆಣ ಗುರುತಿಸಿ ಬಂದಿದ್ದ ಅಪ್ಪ ಅಮ್ಮಂದಿರು ಅದನ್ನು ಓದಿದರು ಅಕ್ಕ.

ಅವತ್ತು ನಿಲ್ಲಿಸಿದ್ದು. ಇವತ್ತಿಗೂ ಕೊಳ್ಳುವುದಿಲ್ಲ.

ಸ್ಲೌ_ಹುಡುಗ

ಕೆಂಪು ಜರ್ಸಿ ಹೇಳಿದ್ದು ಎಲ್ಲಾ ನಿಜ. ಆದರೂ ನನ್ನ ಅನುಭವ ಹೇಳುತ್ತೇನೆ, ಯಾರೂ ಬೇಜಾರಾಗಬೇಡಿ.

ನಾನು 2012ರಲ್ಲಿ ಬಂದಾಗ ಸಂಬಳ ಬಾಡಿಗೆಗೇ ಸರಿಹೋಗುತ್ತಿತ್ತು. ‘ದಿ ಸನ್’ ಒಂಬತ್ತೂವರೆ ಪೌಂಡಿನ ರಜಾ ಪ್ರವಾಸ ಅಂತ ಕೊಡುತ್ತಿತ್ತು. ದಿನಾ ಪೇಪರಿನಲ್ಲಿ ಬರುವ ಕೂಪನ್ ಕತ್ತರಿಸಿ ಕೂಡಿಡಬೇಕಿತ್ತು. ಆಮೇಲೆ ತಲೆಗೆ ಅಷ್ಟು ದುಡ್ಡಿನಿಂದ ಶುರು, ಸಮುದ್ರದ ದಂಡೆಯ ಕ್ಯಾರವಾನ್ ಪಾರ್ಕಿನಲ್ಲಿ ನಾಲ್ಕು ದಿನ. ಮೇಲೆ ಒಂದಿಷ್ಟು ಖರ್ಚು ಇದ್ದೇ ಇರುತ್ತಿತ್ತು. ಆದರೂ ನನ್ನ ಮಗಳು ಮೊದಲ ಸಲ ಸಮುದ್ರ ನೋಡಿದ್ದು ಹಾಗೆ. ನನ್ನ ಜೊತೆ ಗೋಡೌನಿನಲ್ಲಿ ಕೆಲಸ ಮಾಡುತ್ತಿದ್ದ ಅರ್ಧ ಜನರ ಬ್ಯಾಗಿನಲ್ಲಿ ಆ ಪೇಪರ್ ಇರುತ್ತಿತ್ತು. ಚಹಾ ಬಿಡುವಿನಲ್ಲಿ ಹಿಂದಿನ ಪುಟದಿಂದ ಓದುವುದು. ಮೊದಲು ಫುಟ್‌ಬಾಲ್, ಆಮೇಲೆ ಕುದುರೆ, ಆಮೇಲೆ ‘ಡಿಯರ್ ಡೀಡ್ರಿ’ ಸಲಹೆ ಅಂಕಣ.

ಬೇರೆ ಪೇಪರ್‌ಗಳು ಆ ಜನರ ಹತ್ತಿರ ಮಾತೇ ಆಡುತ್ತಿರಲಿಲ್ಲ. ಇದು ಆಡುತ್ತಿತ್ತು. ಇವತ್ತು ಅಲ್ಲಿ ಕೆಲಸ ಮಾಡುವ ಎಷ್ಟೋ ಹುಡುಗರು 1989ರಲ್ಲಿ ಹುಟ್ಟಿಯೇ ಇರಲಿಲ್ಲ. ಒಂದು ಮುಖಪುಟಕ್ಕೆ ಎಷ್ಟು ವರ್ಷ ಶಿಕ್ಷೆ? ಇದು ನನ್ನ ಪ್ರಶ್ನೆ ಅಷ್ಟೇ.

ಹಳೇ_ಉಪಸಂಪಾದಕ

ಮೈಸೂರಿನಲ್ಲಿದ್ದೇನೆ. ಕನ್ನಡ ದಿನಪತ್ರಿಕೆಯ ಡೆಸ್ಕಿನಲ್ಲಿ ಇಪ್ಪತ್ತೆಂಟು ವರ್ಷ ಕೂತವನು. ಆ ಪೇಪರನ್ನು ಕಸುಬಿನ ಕಣ್ಣಿನಿಂದ ನೋಡಿದ್ದೇನೆ. ನಮ್ಮ ಲೈಬ್ರರಿಗೆ ಹಳೆಯ ಪ್ರತಿಗಳು ಬರುತ್ತಿದ್ದವು.

‘ಟ್ಯಾಬ್ಲಾಯ್ಡ್’ ಅನ್ನುವ ಪದ ಹುಟ್ಟಿದ್ದು ಔಷಧದ ಅಂಗಡಿಯಲ್ಲಿ. 1884ರಲ್ಲಿ ಬರೋಸ್ ವೆಲ್‌ಕಮ್ ಕಂಪನಿ ಪುಡಿಯನ್ನು ಒತ್ತಿ ಮಾಡಿದ ಮಾತ್ರೆಗೆ ಇಟ್ಟ ಹೆಸರು ಅದು. ಅಲ್ಲಿಂದ ಸುದ್ದಿಯನ್ನು ಒತ್ತಿ ಚಿಕ್ಕದು ಮಾಡಿ ಕೊಡುವ ಪತ್ರಿಕೆಗೆ ಬಂತು. ನಮ್ಮಲ್ಲಿ ಟ್ಯಾಬ್ಲಾಯ್ಡ್ ಅಂದರೆ ತಕ್ಷಣ ನೆನಪಾಗುವುದು ವಾರಪತ್ರಿಕೆ. 1980ರಲ್ಲಿ ಲಂಕೇಶ್ ಶುರು ಮಾಡಿದ್ದು ಅದೇ ಅಳತೆಯಲ್ಲಿ, ಜಾಹೀರಾತು ಇಲ್ಲದೆ. ಹಾಗಾಗಿ ಅಳತೆಯಲ್ಲಿ ದೋಷ ಇಲ್ಲ. ಲಿವರ್‌ಪೂಲಿನವರೇ ಪ್ರೀತಿಯಿಂದ ಓದುವ ‘ಲಿವರ್‌ಪೂಲ್ ಎಕೋ’ ಕೂಡ ಟ್ಯಾಬ್ಲಾಯ್ಡೇ.

‘ದಿ ಸನ್’ 1964ರಲ್ಲಿ ಶುರುವಾದದ್ದು ‘ಡೈಲಿ ಹೆರಾಲ್ಡ್’ ಅನ್ನುವ ಕಾರ್ಮಿಕರ ಪತ್ರಿಕೆಯ ಜಾಗದಲ್ಲಿ. ಸರಿಯಾಗಿ ಓಡಲಿಲ್ಲ. 1969ರಲ್ಲಿ ರೂಪರ್ಟ್ ಮರ್ಡಾಕ್ ಕೊಂಡು ಚಿಕ್ಕ ಅಳತೆಗೆ ಇಳಿಸಿದರು. ಸುಮಾರು ಹತ್ತು ವರ್ಷದಲ್ಲಿ ‘ಡೈಲಿ ಮಿರರ್’ ಅನ್ನು ಹಿಂದೆ ಹಾಕಿತು. ಎಂಬತ್ತರ ದಶಕದಲ್ಲಿ ದಿನಕ್ಕೆ 40 ಲಕ್ಷ ಪ್ರತಿ. ಆ ತಲೆಬರಹ ಕಟ್ಟುವ ಕೈ ಸಾಮಾನ್ಯವಾದದ್ದಲ್ಲ. ಮೂರು ಪದದಲ್ಲಿ ಇಡೀ ಕಥೆ. ಸಾಲು ಓದಿದರೆ ಪಕ್ಕದಲ್ಲಿ ಕೂತು ಯಾರೋ ಮಾತಾಡಿದ ಹಾಗೆ. ಮರ್ಸಿ ದಂಡೆಯವರಿಗೆ ಡಿಕ್ಷನರಿ ಬೇಕಾಗದೆ ಇದ್ದದ್ದು ಅದಕ್ಕೇ. ಅಷ್ಟು ಸರಳವಾಗಿ ಬರೆಯುವುದು ಬಹಳ ಕಷ್ಟ. ನಾನು ಕಲಿಯಲು ಒದ್ದಾಡಿದ್ದೇನೆ.

ಆದರೆ ಅದೇ ಕೈ 1982ರ ಫಾಕ್‌ಲ್ಯಾಂಡ್ ಯುದ್ಧದಲ್ಲಿ ಬ್ರಿಟನ್ನಿನ ಕೈಯಲ್ಲಿ ಅರ್ಜೆಂಟೀನಾದ ಬೆಲ್ಗ್ರಾನೋ ಯುದ್ಧಹಡಗಿಗೆ ಏಟು ಬಿದ್ದಾಗ ‘ಗಾಚಾ’ ಅಂತ ಒಂದೇ ಪದ ಹಾಕಿತು. ಸಿಕ್ಕಿಬಿದ್ದಿರಾ ಅನ್ನುವ ಹಾಗೆ. ಆ ಹಡಗಿನಲ್ಲಿ 323 ಜನ ಸತ್ತರು. ಸಾವಿನ ಸುದ್ದಿ ಬರತೊಡಗಿದ ಮೇಲೆ ಮುಂದಿನ ಆವೃತ್ತಿಯಲ್ಲಿ ಬದಲಾಯಿಸಿದರು. ಸಂಪಾದಕ ಕೆಲ್ವಿನ್ ಮೆಕೆಂಜಿ. ಹಿಲ್ಸ್‌ಬರೋ ಮುಖಪುಟದ ಸಂಪಾದಕರೂ ಅವರೇ.

ಈಗ ಮುಖ್ಯ ಮಾತು. ಹಿಲ್ಸ್‌ಬರೋ ಆರೋಪಗಳನ್ನು ಆ ದಿನಗಳಲ್ಲಿ ಬೇರೆ ಪತ್ರಿಕೆಗಳೂ ಹಾಕಿದ್ದವು. ಶೆಫೀಲ್ಡಿನ ಒಂದು ಸುದ್ದಿ ಸಂಸ್ಥೆಯಿಂದ ಬಂದ ವರದಿ ಅದು. ಸಂಸ್ಥೆಗೆ ಹೇಳಿದ್ದು ಪೊಲೀಸರು ಮತ್ತು ಅಲ್ಲಿಯ ಒಬ್ಬ ಸಂಸದರು. ಬೇರೆಯವರು ‘ಪೊಲೀಸರು ಆರೋಪಿಸಿದ್ದಾರೆ’ ಅಂತ ಹಾಕಿದರು. ಇವರು ‘ಸತ್ಯ’ ಅಂತ ಹಾಕಿದರು. ನಮ್ಮ ಡೆಸ್ಕಿನಲ್ಲಿ ಹೊಸಬರು ಬಂದರೆ ಮೊದಲು ಕಲಿಸುತ್ತಿದ್ದ ಪದ ‘ಎನ್ನಲಾಗಿದೆ’. ಆ ಒಂದು ಪದ ಕಿತ್ತು ಹಾಕಿದರೆ ಏನಾಗುತ್ತದೆ ಅನ್ನುವುದಕ್ಕೆ ನಾನು ಈ ಮುಖಪುಟವನ್ನೇ ತೋರಿಸುತ್ತಿದ್ದೆ.

ತುಂಗೆಯ_ತಡಿ

ಸರ್, ನಿಮ್ಮ ಮೇಲೆ ಗೌರವ ಇದೆ. ಆದರೆ ‘ಎನ್ನಲಾಗಿದೆ’ ಅನ್ನುವ ಪದದ ಬಗ್ಗೆ ನಾನು ಹೇಳಬೇಕು.

ನಮ್ಮ ಅಣ್ಣ ಬೈಕ್ ಅಪಘಾತದಲ್ಲಿ ಹೋದ. ಶಿವಮೊಗ್ಗದ ಹೊರಗೆ, ಮಳೆಗಾಲ, ರಾತ್ರಿ ಒಂಬತ್ತು ಗಂಟೆ. ಲೈಟ್ ಇಲ್ಲದೆ ನಿಂತಿದ್ದ ಲಾರಿಗೆ ಹಿಂದಿನಿಂದ ಹೊಡೆದಿದ್ದ. ಮಾರನೇ ದಿನ ಒಂದು ಸಂಜೆ ಪತ್ರಿಕೆಯಲ್ಲಿ ನಾಲ್ಕು ಸಾಲು ಬಂತು. ಕೊನೆಯ ಸಾಲು, ‘ಮದ್ಯಪಾನ ಮಾಡಿದ್ದ ಎನ್ನಲಾಗಿದೆ’.

ಅಣ್ಣ ಜನ್ಮದಲ್ಲಿ ಕುಡಿದವನಲ್ಲ. ಮರಣೋತ್ತರ ಪರೀಕ್ಷೆಯಲ್ಲೂ ಹಾಗೆ ಬರಲಿಲ್ಲ. ಅಪ್ಪ ಆ ವರದಿಯ ಜೆರಾಕ್ಸ್ ಮಾಡಿಸಿ ಆ ಕಚೇರಿಗೆ ಎರಡು ಸಲ ಹೋದರು. ಮೂರು ವಾರ ಆದ ಮೇಲೆ ಒಳಪುಟದಲ್ಲಿ, ಟೆಂಡರ್ ಪ್ರಕಟಣೆಯ ಪಕ್ಕದಲ್ಲಿ, ಎರಡು ಸಾಲು ತಿದ್ದುಪಡಿ ಹಾಕಿದರು. ಅದನ್ನು ಯಾರು ಓದುತ್ತಾರೆ? ಹನ್ನೊಂದನೇ ದಿನದ ಕೆಲಸಕ್ಕೆ ಬಂದ ನೆಂಟರಲ್ಲಿ ಇಬ್ಬರು ನಮ್ಮ ಅತ್ತಿಗೆಯ ಮುಂದೆಯೇ ಕುಡಿತದ ಮಾತು ತೆಗೆದರು. ಆ ಸಂಜೆ ಪತ್ರಿಕೆ ನಮ್ಮ ಮನೆಗೆ ಮತ್ತೆ ಬರಲಿಲ್ಲ. ಅಪ್ಪ ಈಗ ಇಲ್ಲ. ಆದರೂ ತರಿಸುವುದಿಲ್ಲ.

ಸ್ಲೌ ಅಣ್ಣ, ಎಷ್ಟು ವರ್ಷ ಶಿಕ್ಷೆ ಅಂತ ಕೇಳಿದಿರಿ. ನಮಗೆ ಅದು ಶಿಕ್ಷೆ ಅಂತ ಅನ್ನಿಸಲೇ ಇಲ್ಲ. ಸುಮ್ನೆ ಕೈ ಮುಂದೆ ಹೋಗುವುದಿಲ್ಲ, ಅಷ್ಟೇ.

ಸ್ಲೌ_ಹುಡುಗ

ತಂಗಿ, ಓದಿ ಮನಸ್ಸಿಗೆ ಬಹಳ ಕಷ್ಟವಾಯಿತು. ‘ಶಿಕ್ಷೆ’ ಅನ್ನುವ ಪದ ನಾನು ಬಳಸಬಾರದಿತ್ತು.

ಹಳೇ_ಉಪಸಂಪಾದಕ

ತಾಯಿ, ನೀವು ಹೇಳಿದ್ದು ಸರಿ. ಪೊಲೀಸ್ ಠಾಣೆಗೆ ಫೋನು ಮಾಡಿ, ಅವರು ಹೇಳಿದ್ದಕ್ಕೆ ‘ಎನ್ನಲಾಗಿದೆ’ ಸೇರಿಸಿ ಪುಟ ಕಳಿಸಿದ ರಾತ್ರಿಗಳು ನನ್ನವೂ ಇವೆ. ಆ ಪದ ಬರೆದವರನ್ನು ಕಾಪಾಡುತ್ತದೆ. ಸತ್ತವರನ್ನು ಕಾಪಾಡುವುದಿಲ್ಲ. ಇಷ್ಟು ವರ್ಷ ಹುಡುಗರಿಗೆ ನಾನು ಅರ್ಧ ಪಾಠ ಮಾತ್ರ ಹೇಳಿದ್ದೇನೆ.

ಡಾಕ್ಟ್ರಜ್ಜ

ನಾನು ದಾವಣಗೆರೆಯಿಂದ 1978ರಲ್ಲಿ ಬಂದವನು. ಈಗ ನಿವೃತ್ತ. 1989ರಲ್ಲಿ ಲ್ಯಾಂಕಾಷೈರಿನ ಆಸ್ಪತ್ರೆಯಲ್ಲಿದ್ದೆ.

ಆ ಶನಿವಾರ ವಾರ್ಡಿನ ಟಿ.ವಿ.ಯಲ್ಲಿ ನೋಡಿದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದೆ. ಜಾಹೀರಾತಿನ ಹಲಗೆಗಳನ್ನು ಕಿತ್ತು ಅದರ ಮೇಲೆ ಜನರನ್ನು ಮಲಗಿಸಿ ಓಡುತ್ತಿದ್ದರು. ಹೊತ್ತು ಓಡುತ್ತಿದ್ದವರು ಅಭಿಮಾನಿಗಳೇ. ಅವರನ್ನೇ ನಾಲ್ಕು ದಿನದ ನಂತರ ಕಳ್ಳರು ಅಂತ ಕರೆದರು. ನಮ್ಮ ವಾರ್ಡಿನ ಪೋರ್ಟರ್ ಲಿವರ್‌ಪೂಲ್ ಪಕ್ಕದ ಬೂಟಲ್ ಊರಿನವನು. ಬುಧವಾರ ಕ್ಯಾಂಟೀನಿನಲ್ಲಿ ಯಾರೋ ಬಿಟ್ಟುಹೋದ ಪೇಪರ್ ನೋಡಿ ಮಾತಿಲ್ಲದೆ ಕೂತುಬಿಟ್ಟ. ಕರ್ಕ್‌ಬಿ ಅನ್ನುವ ಕಡೆ ಹೆಂಗಸರು ರಸ್ತೆಯಲ್ಲಿ ಪೇಪರ್ ಸುಟ್ಟದ್ದು ಆಗಿನ ಸುದ್ದಿಯಲ್ಲೇ ಬಂತು. ಯಾವ ನಾಯಕರೂ ಕರೆ ಕೊಟ್ಟಿರಲಿಲ್ಲ.

ತುಂಗೆಯ ತಡಿಯವರ ಅಣ್ಣನ ವಿಷಯ ಓದಿದಾಗ ನನಗೆ ನೆನಪಾದದ್ದು ಬೇರೆ. ಹಿಲ್ಸ್‌ಬರೋದಲ್ಲಿ ಸತ್ತವರೆಲ್ಲರ ರಕ್ತದಲ್ಲಿ ಮದ್ಯ ಇದೆಯಾ ಅಂತ ಪರೀಕ್ಷೆ ಮಾಡಿಸಿದ್ದರು. ಮಕ್ಕಳದ್ದೂ. ವೈದ್ಯನಾಗಿ ಹೇಳುತ್ತೇನೆ, ಉಸಿರುಗಟ್ಟಿ ಸತ್ತ ಮಗುವಿಗೆ ಆ ಪರೀಕ್ಷೆಯ ಅಗತ್ಯ ಏನೂ ಇರಲಿಲ್ಲ. ಕುಡಿದವರ ತಪ್ಪು ಅಂತ ತೋರಿಸುವ ಆತುರ ಇತ್ತು.

ಸತ್ಯ ಬಹಳ ತಡವಾಗಿ ಬರಲಿಲ್ಲ ಅನ್ನುವುದನ್ನೂ ತಿಳಿದುಕೊಳ್ಳಿ. ಅದೇ ವರ್ಷ ಆಗಸ್ಟಿನಲ್ಲಿ ನ್ಯಾಯಮೂರ್ತಿ ಟೇಲರ್ ಅವರ ಮೊದಲ ವರದಿ ಬಂತು. ಮುಖ್ಯ ಕಾರಣ ಪೊಲೀಸರು ಹಿಡಿತ ತಪ್ಪಿದ್ದು ಅಂತ ಬರೆದರು. ತಡವಾದದ್ದು ಅದನ್ನು ಒಪ್ಪಿಕೊಳ್ಳುವುದು. 2012ರಲ್ಲಿ ಸ್ವತಂತ್ರ ಸಮಿತಿಯ ವರದಿ ಬಂದಾಗ 164 ಪೊಲೀಸ್ ಹೇಳಿಕೆಗಳನ್ನು ತಿದ್ದಿದ್ದು ಹೊರಬಿತ್ತು. 2016ರಲ್ಲಿ ತೀರ್ಪುಗಾರರು ಅದು ಕಾನೂನುಬಾಹಿರ ಸಾವು, ಅಭಿಮಾನಿಗಳದ್ದು ತಪ್ಪಿಲ್ಲ ಅಂದರು. ಇಪ್ಪತ್ತೇಳು ವರ್ಷ.

ಕೆಂಪು_ಜರ್ಸಿ

ಅಜ್ಜ, ಆ 2016ರ ಮಾರನೇ ದಿನದ ಕಥೆ ಸೇರಿಸುತ್ತೇನೆ. ಬ್ರಿಟನ್ನಿನ ಬಹುತೇಕ ಎಲ್ಲ ಪತ್ರಿಕೆಗಳ ಮುಖಪುಟದಲ್ಲೂ ಆ ತೀರ್ಪು. ‘ದಿ ಸನ್’ ಮುಖಪುಟದಲ್ಲಿ ಇರಲಿಲ್ಲ. ಒಳಗೆ ಹಾಕಿದ್ದರು. ಸುಳ್ಳಿಗೆ ಮುಖಪುಟ, ನಿಜಕ್ಕೆ ಒಳಪುಟ. ತುಂಗೆಯ ತಡಿ ಅಕ್ಕ ಹೇಳಿದ ಟೆಂಡರ್ ಪ್ರಕಟಣೆಯ ಹಾಗೇ ಅಲ್ವಾ?

ಕ್ಷಮೆ ಕೇಳಲೇ ಇಲ್ಲ ಅಂತ ಹೇಳಿದರೆ ತಪ್ಪಾಗುತ್ತದೆ. 2004ರಲ್ಲಿ ನಮ್ಮ ಇತಿಹಾಸದ ಅತಿ ಕೆಟ್ಟ ತಪ್ಪು ಅಂತ ಪುಟ ತುಂಬ ಬರೆದರು. 2012ರಲ್ಲಿ ಮುಖಪುಟದಲ್ಲೇ ಕ್ಷಮೆ ಕೇಳಿದರು. ಆದರೆ 2004ರದ್ದು ಅದೇ ಊರಿನ ಫುಟ್‌ಬಾಲ್ ಆಟಗಾರ ವೇಯ್ನ್ ರೂನಿ ತನ್ನ ಕಥೆಯನ್ನು ಆ ಪೇಪರಿಗೆ ಕೊಟ್ಟ ಮೇಲೆ ಊರು ಸಿಟ್ಟಾದಾಗ ಬಂದದ್ದು. 2012ರದ್ದು ವರದಿ ಬಂದ ಮೇಲೆ. ತಾವಾಗಿಯೇ, ಯಾರೂ ಕೇಳದೆ, ಬಂದ ಕ್ಷಮೆ ಒಂದೂ ಇಲ್ಲ.

2017ರ ಫೆಬ್ರವರಿಯಲ್ಲಿ ನಮ್ಮ ಕ್ಲಬ್ ಆ ಪತ್ರಿಕೆಯ ವರದಿಗಾರರನ್ನು ಮೈದಾನಕ್ಕೆ ಬಿಡುವುದಿಲ್ಲ ಅಂದಿತು. ಏಪ್ರಿಲ್‌ನಲ್ಲಿ ಎವರ್ಟನ್ ಕೂಡ. ಲಿವರ್‌ಪೂಲ್ ಊರಿನದೇ ನೀಲಿ ಜರ್ಸಿಯ ಎದುರಾಳಿ ಕ್ಲಬ್ ಅದು. ಈ ವಿಷಯದಲ್ಲಿ ಕೆಂಪು ನೀಲಿ ಎರಡೂ ಒಂದೇ.

ನಮ್ಮ ಬೆಂಗಳೂರಿನ ಗುಂಪಿನಲ್ಲಿ ನಿಯಮ ಇದೆ. ಯಾವ ಆಟಗಾರ ಎಲ್ಲಿಗೆ ಹೋಗುತ್ತಾನೆ ಅನ್ನುವ ಗಾಳಿಸುದ್ದಿ ಆ ಪೇಪರಿನ ವೆಬ್‌ಸೈಟಿನಲ್ಲಿ ಎಷ್ಟೇ ಬಂದರೂ ಲಿಂಕ್ ಹಾಕುವ ಹಾಗಿಲ್ಲ. ಹೊಸ ಹುಡುಗರು ಗೊತ್ತಿಲ್ಲದೆ ಹಾಕುತ್ತಾರೆ. ಬೈಯುವುದಿಲ್ಲ, ಕಥೆ ಹೇಳುತ್ತೇವೆ. ತೆಗೆದುಬಿಡುತ್ತಾರೆ.

ಕಾವೇರಿ_ಲೀಡ್ಸ್

ಒಂದು ಮಾತು. ಹಿಲ್ಸ್‌ಬರೋ ನಡೆಯದೆ ಇದ್ದಿದ್ದರೂ ನಾನು ಆ ಪೇಪರ್ ಮನೆಗೆ ತರುತ್ತಿರಲಿಲ್ಲ. 1970ರಿಂದ 2015ರವರೆಗೆ ಮೂರನೇ ಪುಟದಲ್ಲಿ ಅರೆಬೆತ್ತಲೆ ಹುಡುಗಿಯ ಫೋಟೋ ಹಾಕುತ್ತಿದ್ದರು. ನಾನು ಬಂದ ಹೊಸದರಲ್ಲಿ ಬಸ್ಸಿನಲ್ಲಿ ಪಕ್ಕದವರು ಅದನ್ನು ಬಿಡಿಸಿ ಹಿಡಿದರೆ ಕಿಟಕಿ ಕಡೆ ತಿರುಗುತ್ತಿದ್ದೆ. ಅದು ನಿಂತದ್ದೂ ಹೆಂಗಸರು ಸುಮಾರು ಎರಡೂವರೆ ವರ್ಷ ಸಹಿ ಸಂಗ್ರಹ ಮಾಡಿ ಹೋರಾಡಿದ ಮೇಲೆ. ಕೊಳ್ಳದೆ ಇರುವುದು, ಕೇಳುತ್ತಲೇ ಇರುವುದು, ಎರಡೂ ಕೆಲಸ ಮಾಡುತ್ತವೆ.

ಸ್ಲೌ_ಹುಡುಗ

ಒಪ್ಪುತ್ತೇನೆ ಮೇಡಂ. ಆದರೆ ಒಂದು ಊರು ಕೊಳ್ಳದೆ ಇದ್ದರೆ ಅಷ್ಟು ದೊಡ್ಡ ಕಂಪನಿಗೆ ಏನಾದರೂ ತಟ್ಟುತ್ತದಾ? ಇದು ವಾದಕ್ಕಲ್ಲ, ತಿಳಿದುಕೊಳ್ಳಲು ಕೇಳುತ್ತಿದ್ದೇನೆ.

ಡಾಕ್ಟ್ರಜ್ಜ

ಕಂಪನಿಗಿಂತ ಜಾಸ್ತಿ ತಟ್ಟಿದ್ದು ಊರಿಗೆ, ಒಳ್ಳೆಯ ರೀತಿಯಲ್ಲಿ. ಫ್ಲೋರಿಯನ್ ಫೂಸ್, ಡೇನಿಯಲ್ ಬಿಷಫ್ ಅನ್ನುವ ಇಬ್ಬರು ಸಂಶೋಧಕರು ಇದನ್ನೇ ಹಿಡಿದು ಅಧ್ಯಯನ ಮಾಡಿದರು. ‘ದಿ ಸನ್’ ಯುರೋಪಿಯನ್ ಒಕ್ಕೂಟದ ವಿರುದ್ಧ ವರ್ಷಗಟ್ಟಲೆ ಬರೆದ ಪತ್ರಿಕೆ. ಅದನ್ನು ಓದುವುದು ಬಿಟ್ಟ ಮರ್ಸಿಸೈಡಿನಲ್ಲಿ, ಅಂದರೆ ಲಿವರ್‌ಪೂಲ್ ಸೀಮೆಯಲ್ಲಿ, ಒಕ್ಕೂಟದ ಮೇಲಿನ ವಿರೋಧ ಬೇರೆ ಕಡೆಗಿಂತ ಕಡಿಮೆಯಾಯಿತು ಅಂತ ಅವರಿಗೆ ಕಂಡುಬಂತು. 2016ರ ಜನಮತದಲ್ಲಿ ಲಿವರ್‌ಪೂಲಿನ ಶೇಕಡಾ 58ರಷ್ಟು ಜನ ಒಕ್ಕೂಟದಲ್ಲೇ ಇರೋಣ ಅಂದರು. ಎಲ್ಲದಕ್ಕೂ ಆ ಪೇಪರೇ ಕಾರಣ ಅಂತ ನಾನು ಹೇಳಲಾರೆ. ಬಂದರು ಊರು, ಹೊರಗಿನವರನ್ನು ಕಂಡ ಊರು. ಆದರೆ ದಿನಾ ಬೆಳಿಗ್ಗೆ ಒಂದೇ ದನಿ ಕಿವಿಯಲ್ಲಿ ಬೀಳುವುದಕ್ಕೂ ಬೀಳದೆ ಇರುವುದಕ್ಕೂ ವ್ಯತ್ಯಾಸ ಇದೆ.

ಮರ್ಸಿ ದಂಡೆ, ನಿನ್ನ ಪ್ರಶ್ನೆಗೆ ಬರುತ್ತೇನೆ ಮಗಳೇ. ನೀನು ಬಿಡಲೇಬೇಕು ಅಂತ ಯಾವ ಕಾನೂನೂ ಇಲ್ಲ. ಆದರೆ ಪಕ್ಕದ ಮನೆಯಲ್ಲಿ ಸೂತಕ ಇದ್ದರೆ ನಾವು ಒಗ್ಗರಣೆ ಹಾಕುವಾಗ ಕಿಟಕಿ ಮುಚ್ಚುತ್ತೇವಲ್ಲ? ಅದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಮರ್ಸಿ_ದಂಡೆ

ಎಲ್ಲರೂ ಇಷ್ಟು ಬರೆದಿರಿ. ಎರಡು ದಿನ ಕೂತು ಓದಿದೆ. ಯಜಮಾನರಿಗೂ ಓದಿ ಹೇಳಿದೆ. ತುಂಗೆಯ ತಡಿ, ನಿಮ್ಮ ಅಣ್ಣನ ವಿಷಯ ಓದಿ ಅತ್ತುಬಿಟ್ಟೆ.

ಶನಿವಾರ ಬೆಳಿಗ್ಗೆ ತಾತನ ಮನೆಗೆ ಹೋದೆ. ಕೋಡುಬಳೆ ಮಾಡಿದ್ದೆ, ಡಬ್ಬಿಯಲ್ಲಿ ತೆಗೆದುಕೊಂಡು ಹೋದೆ. ನನಗೆ ಗೊತ್ತಿರಲಿಲ್ಲ, ಈಗ ಗೊತ್ತಾಯಿತು ಅಂದೆ. ಅವರು ಒಳಗೆ ಕರೆದು ಕೂರಿಸಿದರು. ಅವರ ಮನೆಯವರು ಯಾರೂ ಅವತ್ತು ಹೋಗಿರಲಿಲ್ಲ. ಅವರ ಜೊತೆ ಹಡಗುಕಟ್ಟೆಯಲ್ಲಿ ಕೆಲಸ ಮಾಡುತ್ತಿದ್ದ ಗೆಳೆಯರ ಮಗ ಹೋಗಿದ್ದ. ವಾಪಸ್ ಬರಲಿಲ್ಲ. ಅಷ್ಟೇ ಹೇಳಿದರು, ನಾನು ಜಾಸ್ತಿ ಕೇಳಲಿಲ್ಲ.

ಮಧ್ಯಾಹ್ನ ನನ್ನನ್ನೂ ಯಜಮಾನರನ್ನೂ ಲಿವರ್‌ಪೂಲ್ ಕ್ಲಬ್ಬಿನ ಮೈದಾನ ಆನ್‌ಫೀಲ್ಡಿಗೆ ಕರೆದುಕೊಂಡು ಹೋದರು. ಮೈದಾನದ ಹೊರಗೆ ಕಲ್ಲಿನಲ್ಲಿ 97 ಹೆಸರು, ಪಕ್ಕದಲ್ಲಿ ವಯಸ್ಸು. ಅತಿ ಚಿಕ್ಕವನಿಗೆ ಹತ್ತು ವರ್ಷ. ಒಂದು ಹೆಸರಿನ ಮೇಲೆ ಅವರು ಸ್ವಲ್ಪ ಹೊತ್ತು ಬೆರಳಿಟ್ಟು ನಿಂತರು. ನನಗೆ ಎಲ್ಲ ಹೆಸರನ್ನೂ ಓದಬೇಕು ಅನ್ನಿಸಿತು. ಓದಿದೆ.

ಇಂಗ್ಲಿಷ್ ಕಲಿಯಲು ಏನು ಓದಲಿ ಅಂತ ದಾರಿಯಲ್ಲಿ ಕೇಳಿದ್ದೆ. ಅವರು ಆಗ ಏನೂ ಹೇಳಲಿಲ್ಲ. ಇವತ್ತು ಬೆಳಿಗ್ಗೆ ಬಾಗಿಲು ತೆಗೆದರೆ ಕೋಡುಬಳೆಯ ಖಾಲಿ ಡಬ್ಬಿ ಇತ್ತು. ಅದರ ಕೆಳಗೆ ನಿನ್ನೆಯ ‘ಎಕೋ’. ಪದಬಂಧದಲ್ಲಿ ಅರ್ಧ ತುಂಬಿಸಿ, ಉಳಿದರ್ಧ ನನಗೆ ಬಿಟ್ಟಿದ್ದರು.